ಡಾಕ್ಟರು ಒಯ್ದ ಏಳನೆಯದು

ಮೊದಲೇ ಕ್ಷಮೆ ಕೇಳಿಬಿಡುವುದು ಒಳ್ಳೆಯದು. ಬಾಲೆಕಾ ಅರಮನೆಯ ಹಿರಿಯರು ಯಾವುದನ್ನು ಹೊರಗಿನವರ ಕಿವಿಗೆ ಹಾಕಬಾರದು ಎನ್ನುತ್ತಾರೋ ಅದರ ಸುತ್ತಲೇ ಈ ಕತೆ ತಿರುಗುತ್ತದೆ. ಇದನ್ನು ಹೇಳಲು ಇನ್ನೂ ತಿಳಿದವರು, ಇನ್ನೂ ಓದಿದವರು ಇದ್ದಾರೆ. ಅವರು ಯಾರೂ ಹೇಳುತ್ತಿಲ್ಲ. ತಪ್ಪು ಕಂಡ ಕಡೆ ತಿದ್ದಿಕೊಂಡು ಓದಬೇಕು.

"ಉದ್ದ ಎಷ್ಟು?" ಎದ್ವಿಜ್ ಕೇಳಿದಳು.

"ಹೇಳುವ ಹಾಗಿಲ್ಲ."

"ಮರದ್ದಾ, ಕಂಚಿನದಾ?"

"ಅದನ್ನೂ ಹೇಳುವ ಹಾಗಿಲ್ಲ."

"ಒಬ್ಬರು ಎತ್ತಬಹುದಾ, ಇಬ್ಬರು ಬೇಕಾ? ಇಷ್ಟಾದರೂ ಹೇಳಿ ಮೇಡಂ."

ಹೈಕೆ ವಿಲ್ಮ್‌ಸೆನ್ ಕಣ್ಣು ಕೆಳಗೆ ಹಾಕಿದಳು. "ಕ್ಷಮಿಸಿ ಇನ್ಸ್‌ಪೆಕ್ಟರ್. ಅರಮನೆಗೆ ಮಾತು ಕೊಟ್ಟಿದ್ದೀನಿ. ಏಳನೆಯದರ ಬಗ್ಗೆ ದೀಕ್ಷೆ ಇಲ್ಲದವರ ಹತ್ತಿರ ಬಾಯಿ ಬಿಡಲ್ಲ ಅಂತ."

ಇನ್ಸ್‌ಪೆಕ್ಟರ್ ಎದ್ವಿಜ್ ಟಿಯೊಮೆಲಾ ಪೆನ್ನನ್ನು ಮೇಜಿನ ಮೇಲೆ ಹಾಕಿದಳು. ಹನ್ನೆರಡು ವರ್ಷದ ಪೊಲೀಸ್ ಕೆಲಸದಲ್ಲಿ ಅವಳು ಕಳುವಾದ ಮೇಕೆ, ಬೈಕು, ಶವಪೆಟ್ಟಿಗೆಯ ಹಿತ್ತಾಳೆ ಹಿಡಿ, ಒಮ್ಮೆ ಮದುವೆಮನೆಯಿಂದ ನಾಪತ್ತೆಯಾದ ಜನರೇಟರನ್ನೂ ಹುಡುಕಿದ್ದಳು. ಎಲ್ಲಕ್ಕೂ ಒಂದು ಬಣ್ಣವಿತ್ತು, ಒಂದು ಆಕಾರವಿತ್ತು. ಹೇಗಿದೆ ಎಂದು ಯಾರೂ ಹೇಳಬಾರದ, ಸಿಕ್ಕರೂ ತಾನು ನೋಡಬಾರದ ವಸ್ತುವನ್ನು ಹುಡುಕುವುದು ಇದೇ ಮೊದಲು.

ನಡೆದದ್ದು ಇಷ್ಟು. ನೂರು ವರ್ಷಕ್ಕೂ ಹಿಂದೆ ಜರ್ಮನ್ ಸೇನೆಯ ಡಾಕ್ಟರು ಓಟೊಕರ್ ವಿಲ್ಮ್‌ಸೆನ್ ಬಾಲೆಕಾದಿಂದ ಒಯ್ದಿದ್ದ ಹನ್ನೆರಡು ವಸ್ತುಗಳನ್ನು ಅವನ ಮರಿಮೊಮ್ಮಗಳು ಹೈಕೆ ಹಿಂದಕ್ಕೆ ತಂದಳು. ಮಂಗಳವಾರ ಅರಮನೆಯ ಒಂಬತ್ತು ಮಂದಿ ಹಿರಿಯರು ಗತಿಸಿದ ಹಿರೀಕರ ಮನೆಯೊಳಗೆ ಏಳನೆಯ ಪೆಟ್ಟಿಗೆ ತೆರೆದು ಹೊರಬಂದು 'ಖಾಲಿ' ಎಂದರು. ಎರಡು ದಿನ ಆ ಪೆಟ್ಟಿಗೆಗಳನ್ನು ಕಾದಿದ್ದ ಅರಮನೆಯ ಕಾವಲುಗಾರ ಲೊಂಟ್ಸಿ ಲಾಕಪ್ಪು ಸೇರಿದ.

ಇವತ್ತು ಶುಕ್ರವಾರ. ಸಂಜೆ ನಾಲ್ಕಕ್ಕೆ ಲೊಂಟ್ಸಿಯನ್ನು ಜಿಲ್ಲಾ ಜೈಲಿಗೆ ಒಯ್ಯುವ ಗಾಡಿ ಹೊರಡುತ್ತದೆ. ಒಮ್ಮೆ ಅಲ್ಲಿಗೆ ಹೋದವನ ಕಡತ ಮತ್ತೆ ಕೈಗೆ ಬರಲು ಎರಡು ವರ್ಷ, ಮೂರು ವರ್ಷ.

ಅವನನ್ನು ಹಿಡಿದಿಡಲು ಸಹಿ ಹಾಕಿದವಳು ಎದ್ವಿಜಳೇ. ಬುಧವಾರ, ಐವತ್ತು ಮೈಲಿ ಆಚೆ ತನ್ನ ಕಚೇರಿಯಲ್ಲಿ ಕೂತು, 'ಬೀಗದ ಕೈ ಅವನ ಬಳಿ ಇತ್ತು' ಎಂಬ ಒಂದೇ ಸಾಲು ಓದಿ ಹಾಕಿದ ಸಹಿ. ಗುರುವಾರ ಇಲ್ಲಿಗೆ ಬಂದ ಮೇಲೆ ಒಬ್ಬರೂ ಲೊಂಟ್ಸಿಯ ಬಗ್ಗೆ ಕೆಟ್ಟ ಮಾತಾಡಲಿಲ್ಲ. ಮೂವತ್ತು ವರ್ಷ ಅರಮನೆಯ ಬಾಗಿಲಲ್ಲಿ ಕೂತವನು, ಒಂದು ಹೆಂಚು ಕೂಡ ಮನೆಗೆ ಒಯ್ಯದವನು. ಆ ಸಹಿ ಅವಳಿಗೆ ಗಂಟಲಲ್ಲಿ ಸಿಕ್ಕ ಮೀನುಮುಳ್ಳಾಗಿತ್ತು.

ಬೆಳಿಗ್ಗೆ ಅವನನ್ನು ನೋಡಲು ಹೋದರೆ ಠಾಣೆಯ ಮುಖ್ಯಸ್ಥ ಬೆಂಗೊನೋ ಹಲ್ಲುಕಡ್ಡಿ ಆಡಿಸುತ್ತ ಹೇಳಿದ್ದ: "ಧಾರಾಳವಾಗಿ ನೋಡಿ ಮೇಡಂ. ಸರಕಾರಿ ವಕೀಲರ ಮೊಹರು ತನ್ನಿ ಸಾಕು."

"ವಕೀಲರು ಎಲ್ಲಿ?"

"ಸಾವಿನ ಊಟಕ್ಕೆ ಹೋಗಿದ್ದಾರೆ. ಸೋಮವಾರ ಬರ್ತಾರೆ. ಈ ನಿಮ್ಮ ಗುಡ್ಡದ ಸೀಮೆಯಲ್ಲಿ ಬದುಕಿರೋರಿಗಿಂತ ಸತ್ತವರಿಗೇ ರಜಾ ಜಾಸ್ತಿ!"

ಸೋಮವಾರದ ಹೊತ್ತಿಗೆ ಲೊಂಟ್ಸಿ ಜೈಲಿನಲ್ಲಿರುತ್ತಾನೆ. ಅದು ಬೆಂಗೊನೋಗೂ ಗೊತ್ತು, ಅವಳಿಗೂ ಗೊತ್ತು.

"ಪೆಟ್ಟಿಗೆಯನ್ನಾದರೂ ನೋಡಿದೆ," ಎದ್ವಿಜ್ ಈಗ ಹೈಕೆಗೆ ಹೇಳಿದಳು. "ಒಳಗೆ ಒಂದು ಎಳೆ ಹುಲ್ಲೂ ಇಲ್ಲ. ನೀವು ಸ್ಪಂಜು ಕೊರೆದು, ವಸ್ತುವಿನ ಆಕಾರಕ್ಕೆ ಸರಿಯಾಗಿ ಕೂರಿಸಿದ್ದಿರಂತೆ?"

"ಹೌದು. ಹನ್ನೆರಡಕ್ಕೂ."

"ಏಳನೆಯದರ ಸ್ಪಂಜು ಸುಟ್ಟಿದ್ದಾರೆ. ಹಿತ್ತಲಲ್ಲಿ ಕಪ್ಪು ಗಡ್ಡೆ ಬಿದ್ದಿದೆ. ಕಳ್ಳ ವಸ್ತು ಕದ್ದು ಸ್ಪಂಜು ಸುಡಲು ಯಾಕೆ ಕೂತ?"

ಹೈಕೆ ಚೀಲದಿಂದ ಒಂದು ದಪ್ಪ ಕಟ್ಟು ತೆಗೆದಳು. ಮುತ್ತಜ್ಜನ ದಿನಚರಿಯನ್ನು ಅವಳೇ ಕೂತು ಬೆರಳಚ್ಚು ಮಾಡಿ ಫ್ರೆಂಚಿಗೆ ತಂದಿದ್ದಳು. ಶಾಲೆಯಲ್ಲಿ ಪಾಠ ಹೇಳುವವಳ ಕೆಲಸ, ಅಚ್ಚುಕಟ್ಟಾಗಿತ್ತು. ಏಳನೆಯದರ ಹತ್ತಿರ ಬಂದಾಗ ಆರು ಸಾಲಿಗೆ ಕಪ್ಪು ಮಸಿ ಬಳಿದಿದ್ದಳು.

"ಓದಿ. ಆದರೆ ಮುಟ್ಟಿದ ಮೇಲೆ ಕೈ ತೊಳೆಯಿರಿ. ಇದು ನಕಲೇ, ಆದರೂ ನನಗೆ ಅಭ್ಯಾಸವಾಗಿದೆ."

"ಯಾಕೆ?"

"ಪಾಷಾಣ," ಎಂದಳು ಹೈಕೆ. "ಹುಳ ಹಿಡಿಯಬಾರದು ಅಂತ ಮುತ್ತಜ್ಜ ಪ್ರತಿ ವಸ್ತುವಿಗೂ ಪಾಷಾಣದ ಪುಡಿ ಉಜ್ಜಿದ್ದ. ವರ್ಷಕ್ಕೊಮ್ಮೆ, ಸಾಯುವ ತನಕ. ನಮ್ಮ ಮನೆಯಲ್ಲಿ ಆ ಕೋಣೆಗೆ ಮಕ್ಕಳನ್ನು ಬಿಡ್ತಾ ಇರಲಿಲ್ಲ. ಬರಿಗೈಯಲ್ಲಿ ಹಿಡಿದರೆ ಚರ್ಮ ಸುಡುತ್ತೆ. ಹೊಟ್ಟೆಗೆ ಹೋದರಂತೂ ಎರಡು ಮೂರು ದಿನ ಸಾಕು, ವಾಂತಿ, ಭೇದಿ, ಆಮೇಲೆ..." ಅವಳು ಕೈಯಾಡಿಸಿದಳು. "ಅದಕ್ಕೇ ನಾನು ಪ್ರತಿಯೊಂದನ್ನೂ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಹಳದಿ ಚೀಟಿ ಅಂಟಿಸಿ ತಂದೆ. ತಲೆಬುರುಡೆಯ ಗುರುತು ಇರೋದು."

"ಅರಮನೆಯವರಿಗೆ ಹೇಳಿದ್ದೀರಾ?"

"ಪ್ರಯೋಗಾಲಯದ ವರದಿ ಕೊಟ್ಟೆ. ಹನ್ನೆರಡು ಹಾಳೆ." ಹೈಕೆಯ ಮುಖ ಕೆಂಪಾಯಿತು. "ಅಲ್ಲ... ಹನ್ನೊಂದು. ಏಳನೆಯ ಹಾಳೆಯಲ್ಲಿ ಫೋಟೊ ಇತ್ತು. ಅದನ್ನು ತೆಗೆದುಬಿಡಿ ಅಂದರು, ತೆಗೆದೆ."

ಎದ್ವಿಜ್ ಕಣ್ಣು ಮುಚ್ಚಿ ತೆರೆದಳು. ಎಲ್ಲರೂ ಒಳ್ಳೆಯವರು, ಎಲ್ಲರೂ ಮಾತಿಗೆ ತಪ್ಪದವರು. ಅದೇ ತಲೆಬೇನೆ.

ದಿನಚರಿ ಓದಿದಳು. ಬಾಲೆಕಾದ ಮುದುಕರು ಇಂದಿಗೂ ಆ ಡಾಕ್ಟರನ್ನು 'ಸೂಜಿ ದೊರೆ' ಎನ್ನುತ್ತಾರೆ. ಅವನು ಹಾಕಿದ ಸಿಡುಬಿನ ಸೂಜಿಯಿಂದ ಎಷ್ಟು ಮನೆ ಉಳಿಯಿತೆಂದು ಲೆಕ್ಕವಿಲ್ಲ. ಅದೇ ಹಾಳೆಯಲ್ಲಿ, ಅದೇ ಧಾಟಿಯಲ್ಲಿ, ಬೆಳಿಗ್ಗೆ ನಲವತ್ತು ಮಂದಿಗೆ ಸೂಜಿ, ಮಧ್ಯಾಹ್ನ ಸೈನಿಕರು ಸುಟ್ಟ ಕೇರಿಯಿಂದ ಕಂಬದಲ್ಲಿ ಕೆತ್ತಿದ ಎರಡು ಬೊಂಬೆ ಕೈವಶ. ಅರಸನ ಕೊಳೆತ ಕಾಲನ್ನು ಹದಿನೈದು ದಿನ ತೊಳೆದು ಕಟ್ಟಿ ಉಳಿಸಿದ್ದ. ಹದಿನಾರನೆಯ ದಿನ: 'ಕಾಲು ಉಳಿಯಿತು. ಏಳನೆಯದನ್ನು ಕೇಳಿದೆ. ಅರಸ ಅತ್ತ. ಕೊಟ್ಟ.' ಅದರ ಕೆಳಗೆ ಕಪ್ಪು ಮಸಿ.

ಆ ಮನುಷ್ಯನನ್ನು ಬಯ್ಯಬೇಕೋ ಕೈಮುಗಿಯಬೇಕೋ ಅವಳಿಗೆ ತಿಳಿಯಲಿಲ್ಲ. ಅದಕ್ಕೆ ಹೊತ್ತೂ ಇರಲಿಲ್ಲ.

ಕೊನೆಯ ಹಾಳೆಯಲ್ಲಿ ಅಳತೆಯ ಪಟ್ಟಿ. ಒಂದನೆಯದು, ಉದ್ದ, ಅಗಲ. ಎರಡನೆಯದು, ಉದ್ದ, ಅಗಲ. ಏಳನೆಯದರ ಉದ್ದ ಅಗಲಕ್ಕೆ ಮಸಿ. ಆದರೆ ಪಕ್ಕದ ಇನ್ನೊಂದು ಅಂಕಣದಲ್ಲಿ ಒಂದು ಅಂಕಿ ಉಳಿದುಬಿಟ್ಟಿತ್ತು. ಬೇರೆ ಹನ್ನೊಂದಕ್ಕೂ ಆ ಅಂಕಣ ಖಾಲಿ.

ಏಳುನೂರ ಐವತ್ತು ಮಿಲಿ.

ಔಷಧಿ ಅಳೆಯುವ ಗಾಜಿನ ಲೋಟದಿಂದ ನೀರು ಹೊಯ್ದು ನೋಡಿರಬೇಕು ಡಾಕ್ಟರು. ಬೊಂಬೆಗೆ ಯಾರೂ ನೀರು ಹೊಯ್ದು ಅಳೆಯುವುದಿಲ್ಲ.

ಎದ್ವಿಜ್ ಹೈಕೆಯತ್ತ ನೋಡಿದಳು. ಹೈಕೆ ಆ ಅಂಕಿಯತ್ತ ನೋಡಿದಳು. ಅವಳ ಕೈ ತಾನಾಗಿ ಬಾಯಿಗೆ ಹೋಯಿತು.

"ನೀವು ಏನೂ ಹೇಳಲಿಲ್ಲ ಮೇಡಂ," ಎಂದಳು ಎದ್ವಿಜ್. "ನಾನೂ ಏನೂ ಕೇಳಲಿಲ್ಲ."

ಅರಮನೆಯ ಹೆಬ್ಬಾಗಿಲ ಎದುರು ಲೊಂಟ್ಸಿಯ ಹೆಂಡತಿ ಒರ್ತಾಂಸ್ ಎಣ್ಣೆಬಾಣಲಿ ಇಟ್ಟುಕೊಂಡು ಬೋಂಡ ಕರಿಯುತ್ತಿದ್ದಳು. ಗಂಡ ಲಾಕಪ್ಪಿನಲ್ಲಿದ್ದರೂ ಬೋಂಡ ನಿಂತಿರಲಿಲ್ಲ. ಎದ್ವಿಜಳನ್ನು ಕಂಡದ್ದೇ ಜಾಲರಿಯನ್ನು ಬಾಣಲಿಯ ಅಂಚಿಗೆ ಠಣ್ಣನೆ ಬಡಿದಳು.

"ಓಹೋ, ಸಹಿ ಅಮ್ಮಾವ್ರು! ಬನ್ನಿ, ಕೂತ್ಕೊಳ್ಳಿ. ನನ್ನ ಹೆಸರಿಗೂ ಒಂದು ಸಹಿ ಹಾಕಿ. ಇಬ್ಬರೂ ಒಂದೇ ಕೋಣೇಲಿ ಇರ್ತೀವಿ, ಬಾಡಿಗೆ ಉಳಿಯುತ್ತೆ."

ಸಾಲಿನಲ್ಲಿ ನಿಂತ ಹೆಂಗಸರು ನಕ್ಕರು. ಎದ್ವಿಜ್ ಮಣೆ ಎಳೆದು ಕೂತಳು.

"ಅಕ್ಕಾ, ಬಯ್ಯೋದು ಆಮೇಲೆ ಬಯ್ಯಿ. ಮಂಗಳವಾರ ನೀನು ಇಲ್ಲೇ ಇದ್ದೆಯಾ?"

"ನಾನು ಇಲ್ಲದೆ ಇನ್ನೆಲ್ಲಿಗೆ ಹೋಗಲಿ, ಪ್ಯಾರಿಸ್‌ಗಾ?"

"ಹಿರಿಯರು ಹಿರೀಕರ ಮನೆಗೆ ಹೋದ ಮೇಲೆ ಒಳಗೆ ಏನಾದ್ರೂ ಹೋಯ್ತಾ?"

ಒರ್ತಾಂಸ್ ಹಿಟ್ಟನ್ನು ಬೆರಳಿನಿಂದ ಬಾಣಲಿಗೆ ಇಳಿಬಿಡುತ್ತ ಯೋಚಿಸಿದಳು. "ಹೆಂಡ ಹೋಯ್ತು."

"ಏನು ಹೆಂಡ?"

"ತಾಳೆಹೆಂಡ ಕಣಮ್ಮ, ಹೊಸಾದು. ನಮ್ಮ ದೊಡ್ಡ ಹಿರಿಯರು ತಾ ವಾಂಬೊ ಅವರ ಅಳಿಯ ಎರಡು ಸಲ ಸೋರೆಬುರುಡೆ ತುಂಬಿಸಿಕೊಂಡು ಬಂದ. ನೊರೆ ಇನ್ನೂ ಇಳಿದಿರಲಿಲ್ಲ. ಒಂದು ಲೋಟ ಕೊಡೋ ಅಂದೆ, ನಿನಗಲ್ಲ ಅಂದ ದರಿದ್ರ."

"ಪೆಟ್ಟಿಗೆ ಖಾಲಿ ಅಂತ ಕೂಗೋಕೆ ಮುಂಚೆನಾ, ಆಮೇಲಾ?"

"ಮುಂಚೆ ಒಂದು. ಆಮೇಲೆ ಒಂದು."

ಒರ್ತಾಂಸ್ ಚಾಚಿದ ಬೋಂಡವನ್ನು ಕೈಯಲ್ಲಿ ಹಿಡಿದ ಎದ್ವಿಜ್ ಬಾಯಿಗೆ ಒಯ್ಯುವುದನ್ನು ಮರೆತಳು. ಅವಳೂ ಈ ಗುಡ್ಡದ ಸೀಮೆಯವಳೇ, ಎರಡು ಅರಮನೆ ಆಚೆ. ಹಿರೀಕರ ಮನೆಯಿಂದ ಒಂದು ವಸ್ತು ಹೋದರೆ ಒಂಬತ್ತು ಮಂದಿ ಟೋಪಿ ಕಳಚಿಡಬೇಕು. ಅದು ಸಿಗುವ ತನಕ ಹೊಸ ಹೆಂಡ ತುಟಿಗೆ ಸೋಕಬಾರದು. ಅವಳ ಅಜ್ಜ ಒಮ್ಮೆ ಐದು ತಿಂಗಳು ಬರಿತಲೆಯಲ್ಲಿ ತಿರುಗಿದ್ದು ಅವಳಿಗೆ ನೆನಪಿತ್ತು. ನಿನ್ನೆ ಅವಳನ್ನು ಅರಮನೆಯಲ್ಲಿ ಬರಮಾಡಿಕೊಂಡ ಹಿರಿಯರೆಲ್ಲರ ತಲೆಯ ಮೇಲೂ ಟೋಪಿ ಇತ್ತು.

ಕಳ್ಳತನವಾದ ಮನೆಯಲ್ಲಿ ಹೊಸ ಹೆಂಡ ಹೊಯ್ಯುವುದಿಲ್ಲ. ಮನೆಗೆ ಯಾರಾದರೂ ಬಂದಾಗ ಹೊಯ್ಯುತ್ತಾರೆ.

ಪೊಲೀಸರಿಗೆ ಸುಳ್ಳು ಹೇಳುವ ಧೈರ್ಯ ಅವರಿಗಿತ್ತು. ನೂರು ವರ್ಷದ ಮೇಲೆ ಮನೆಗೆ ಬಂದದ್ದನ್ನು ಬಾಯಾರಿಸಿ ಕೂರಿಸುವ ಧೈರ್ಯ ಇರಲಿಲ್ಲ.

ಆಮೇಲೆ ಇನ್ನೊಂದು ಯೋಚನೆ ಬಂತು. ಏಳುನೂರ ಐವತ್ತು ಮಿಲಿ. ಹೆಂಡ. ಪಾಷಾಣ.

ಬೋಂಡ ಕೆಳಗೆ ಬಿತ್ತು.

"ನಮ್ಮ ಕೈರುಚಿ ಅಷ್ಟು ಕೆಟ್ಟದಾ?" ಎಂದು ಒರ್ತಾಂಸ್ ಹಿಂದಿನಿಂದ ಕೂಗಿದಳು. ಎದ್ವಿಜ್ ಆಗಲೇ ಬಾಡಿಗೆ ಬೈಕು ಹತ್ತಿದ್ದಳು.

ಒಂಬತ್ತು ಮಂದಿಯ ಮುಖ್ಯಸ್ಥ ತಾ ವಾಂಬೊ ಅಂಗಳದಲ್ಲಿ ಊಟಕ್ಕೆ ಕೂತಿದ್ದರು. ಕುಟ್ಟಿದ ಕೆಸುವಿನ ಗಡ್ಡೆಯ ನಡುವೆ ಹಳದಿ ಸಾರು, ಅದರಲ್ಲಿ ಮುಳುಗೇಳುತ್ತಿದ್ದ ಅವರ ಒಂದು ಬೆರಳು. ಎದ್ವಿಜ್ ಬಾಗಿ, ಬೊಗಸೆಯಾಗಿಸಿದ ಅಂಗೈಗಳನ್ನು ಮೂರು ಸಲ ಮೆಲ್ಲನೆ ತಟ್ಟಿ ಹಿರಿಯರಿಗೆ ವಂದಿಸಿದಳು.

"ಬಾ ಮಗಳೇ. ಒಳ್ಳೆ ಹೊತ್ತಿಗೆ ಬಂದೆ. ನಿಮ್ಮಮ್ಮ ಇಂಥ ಸಾರು ಮಾಡ್ತಿದ್ದಳಾ?"

"ತಾ, ಊಟ ಆಮೇಲೆ. ಮೊದಲು ಒಂದು ಮಾತು." ಆ ಸೀಮೆಯಲ್ಲಿ ಹಿರಿಯ ಗಂಡಸರನ್ನು 'ತಾ', ಎಂದರೆ 'ಅಪ್ಪ', ಎಂದೇ ಕರೆಯಬೇಕು.

"ಪೊಲೀಸಿನವರ ಒಂದು ಮಾತು ಅಂದ್ರೆ ನಲವತ್ತು ಮಾತು. ಮೊದಲು ಕೋಲಾಕಾಯಿ." ಅವರು ಬಲಗೈ ತೊಳೆದು, ಕಾಯಿ ಮುರಿದು, ದೊಡ್ಡ ಹೋಳನ್ನು ಅವಳಿಗೆ ಕೊಟ್ಟರು. ತಿನ್ನದೆ ಮಾತಾಡುವ ಹಾಗಿಲ್ಲ. ಆ ಕಹಿಯನ್ನು ಅಗಿಯುವಷ್ಟು ಹೊತ್ತೂ ಎದ್ವಿಜ್ ಗೋಡೆಯ ಗಡಿಯಾರ ನೋಡಿದಳು. ಎರಡು ಇಪ್ಪತ್ತು.

"ಏಳನೆಯ ಪೆಟ್ಟಿಗೆ ಖಾಲಿ ಇರಲಿಲ್ಲ," ಎಂದಳು.

"ಹೌದಾ? ನೀನು ನೋಡಿದೆಯಾ?"

"ಇಲ್ಲ."

"ನೋಡಬಾರದ್ದು. ಹಾಗಾದ್ರೆ ಹೇಗೆ ಹೇಳ್ತೀಯ?"

"ನಿಮ್ಮ ತಲೆ ಮೇಲೆ ಟೋಪಿ ಇದೆ, ತಾ."

ವಾಂಬೊ ಅವರ ಕೈ ಟೋಪಿಯ ಕಡೆ ಅರ್ಧ ದಾರಿ ಹೋಗಿ ಹಿಂದಕ್ಕೆ ಬಂತು. "ನನಗೆ ನೆಗಡಿ," ಎಂದರು.

"ಒಂಬತ್ತೂ ಮಂದಿಗೆ ನೆಗಡಿನಾ?"

"ಗುಡ್ಡದ ಗಾಳಿ."

"ಮಂಗಳವಾರ ನಿಮ್ಮ ಅಳಿಯ ಎರಡು ಬುರುಡೆ ಹೊಸ ಹೆಂಡ ತಂದ. ಒಂದು ನೀವು ಖಾಲಿ ಅಂತ ಕೂಗೋಕೆ ಮುಂಚೆ, ಒಂದು ಆಮೇಲೆ. ಸರಕಾರದ ಕಾಗದ ಏನು ಹೇಳುತ್ತೆ ಅಂತ ನನಗೂ ಗೊತ್ತು. ಹನ್ನೆರಡೂ ವಸ್ತು ಹೊಸ ಪ್ರದರ್ಶನದ ಮನೆಯಲ್ಲಿ, ಗಾಜಿನ ಹಿಂದೆ, ಟಿಕೆಟ್ ಕೊಂಡವರೆಲ್ಲ ನೋಡೋ ಹಾಗೆ ಇಡಬೇಕು. ಹನ್ನೊಂದಕ್ಕೆ ನೀವು ಒಪ್ಪಿದಿರಿ. ಏಳನೆಯದನ್ನು ಶಾಲೆ ಮಕ್ಕಳು ಬಂದು ನೋಡಿ ಹೋಗೋದು ನಿಮಗೆ ಆಗಲಿಲ್ಲ. ಸ್ಪಂಜಿನಲ್ಲಿ ಅದರ ಆಕಾರ ಉಳಿಯುತ್ತೆ ಅಂತ ಅದನ್ನೂ ಸುಟ್ಟು, ಖಾಲಿ ಅಂದಿರಿ. ಕಳುವಾಯ್ತು ಅಂದರೆ ಕೇಳೋರು ಯಾರೂ ಇಲ್ಲ ಅಂದ್ಕೊಂಡಿರಿ."

ಮುದುಕರು ಸಾರಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. "ಪುಸ್ತಕ ಓದಿದವರು ಚೆನ್ನಾಗಿ ಕತೆ ಕಟ್ತಾರೆ."

"ತಾ, ನಾನು ಹಗಲುಶಾಲೆ ಕಂಡವಳಲ್ಲ. ಸಂಜೆ ತರಗತಿಯಲ್ಲಿ ಕಲಿತವಳು. ಕತೆ ಕಟ್ಟೋಕೆ ಬರಲ್ಲ ನನಗೆ." ಅವಳ ದನಿ ಏರಿತು. ಏರಬಾರದಿತ್ತು; ಹಿರಿಯರ ಅಂಗಳ. ಆದರೂ ನಿಲ್ಲಿಸಲು ಆಗಲಿಲ್ಲ. "ನಿಮ್ಮನ್ನು ಹಿಡಿಯೋಕೆ ಬಂದಿಲ್ಲ. ನಿಮ್ಮಲ್ಲಿ ಎಷ್ಟು ಜನಕ್ಕೆ ವಾಂತಿ ಆಗ್ತಿದೆ, ಅದನ್ನ ಮೊದಲು ಹೇಳಿ!"

"ವಾಂತಿನಾ?"

ಅವಳು ಚೀಲದಿಂದ ಹೈಕೆ ಕೊಟ್ಟಿದ್ದ ಹಳದಿ ಚೀಟಿ ತೆಗೆದು ನೆಲದ ಮೇಲಿಟ್ಟಳು. ತಲೆಬುರುಡೆ, ಕೆಳಗೆ ಎರಡು ಮೂಳೆ. "ಸೂಜಿ ದೊರೆ ಎಲ್ಲಕ್ಕೂ ಪಾಷಾಣ ಬಳಿದಿದ್ದ. ಅದರಲ್ಲಿ ಹೆಂಡ ಹೊಯ್ದು ಕುಡಿದವರು ಬದುಕೋದು ಕಷ್ಟ. ಬೈಕು ಹೊರಗಿದೆ. ಈಗಲೇ ಆಸ್ಪತ್ರೆಗೆ ಹೋದರೆ..."

ವಾಂಬೊ ಚೀಟಿಯನ್ನು ನೋಡಿದರು. ಅವಳನ್ನು ನೋಡಿದರು. ಅವರ ಹೊಟ್ಟೆ ಮೊದಲು ಕುಣಿಯಿತು, ಆಮೇಲೆ ಭುಜ, ಕೊನೆಗೆ ಇಡೀ ಮೈ. ಕಣ್ಣಲ್ಲಿ ನೀರು ಬರುವ ತನಕ ನಕ್ಕರು.

"ಮಗಳೇ! ನಮ್ಮಲ್ಲಿ ಎಂಬತ್ತೆರಡು ವರ್ಷದವನೊಬ್ಬ ಇದ್ದಾನೆ. ಮೂರು ಸಲ ತುಂಬಿಸಿಕೊಂಡು ಕುಡಿದ. ನಿನ್ನೆ ಇಡೀ ದಿನ ಗುದ್ದಲಿ ಹಿಡಿದು ಗೆಣಸು ಅಗೆದಿದ್ದಾನೆ. ಒಂಬತ್ತು ಜನ ಕುಡಿದೆವು, ಒಬ್ಬನಿಗೂ ತೇಗು ಕೂಡ..."

ನಗು ಅಲ್ಲೇ ನಿಂತಿತು.

ಕೋಳಿಯೊಂದು ಬಂದು ತಟ್ಟೆಯ ಅಂಚು ಕುಕ್ಕಿತು. ಇಬ್ಬರೂ ಓಡಿಸಲಿಲ್ಲ.

"ಬಾಯಿ ನನ್ನದು, ಏನು ಮಾಡಲಿ," ಎಂದರು ಮುದುಕರು ಕೊನೆಗೆ, ಬಲು ಮೆಲ್ಲಗೆ. "ನೀನು ಬೇಕಂತಲೇ ಹೆದರಿಸಿದೆಯಾ?"

"ಇಲ್ಲ ತಾ. ನನಗೇ ಹೆದರಿಕೆಯಾಗಿತ್ತು."

ಅವರು ಅದನ್ನು ನಂಬಿದರು. ಅದು ಅವರ ಮುಖದಲ್ಲೇ ಕಂಡಿತು.

"ಲೊಂಟ್ಸಿಯನ್ನು ನಾಲ್ಕು ಗಂಟೆಗೆ ಜಿಲ್ಲಾ ಜೈಲಿಗೆ ಒಯ್ಯುತ್ತಾರೆ," ಎಂದಳು ಎದ್ವಿಜ್.

"ಯಾವ ಜೈಲು? ಒಂದೆರಡು ದಿನ ಕೂರಿಸಿ ಬಿಟ್ಟುಬಿಡ್ತೀವಿ ಅಂದಿದ್ದನಲ್ಲ ಆ ಬೆಂಗೊನೋ!"

"ನಿಮಗೆ ಹಾಗಂದ. ಕಾಗದದಲ್ಲಿ ಬೇರೆ ಇದೆ. ಕಾಗದಕ್ಕೆ ಸಹಿ ಹಾಕಿದವಳು ನಾನೇ."

ವಾಂಬೊ ಎದ್ದು ಒಳಗೆ ಹೋದರು. ಬಹಳ ಹೊತ್ತು ಬರಲಿಲ್ಲ. ಗಡಿಯಾರದ ಮುಳ್ಳು ಮೂರರ ಹತ್ತಿರ ತೆವಳಿತು. ಹೋದರಲ್ಲ, ಹಿತ್ತಲ ಬಾಗಿಲಿನಿಂದ ಹೋಗೇಬಿಟ್ಟರಲ್ಲ ಎಂದು ಅವಳು ತುಟಿ ಕಚ್ಚುವಾಗ ಹೊರಗೆ ಬಂದರು. ಕೈಯಲ್ಲಿ ಮೊಮ್ಮಗನ ಶಾಲೆಯ ನೋಟ್‌ಬುಕ್ಕಿನಿಂದ ಹರಿದ ಹಾಳೆ.

"ಬರಿ. ನಾನು ಹೇಳ್ತೀನಿ. ಪೆಟ್ಟಿಗೆ ಖಾಲಿ ಇರಲಿಲ್ಲ. ಅದರಲ್ಲಿದ್ದದ್ದು ಎಲ್ಲಿರಬೇಕೋ ಅಲ್ಲಿದೆ. ಲೊಂಟ್ಸಿ ತಪ್ಪು ಮಾಡಿಲ್ಲ. ಇಷ್ಟೇ. ಅದು ಏನು, ಹೇಗಿದೆ ಅಂತ ಒಂದಕ್ಷರ ಬರೆದರೂ ಹಾಳೆ ಒಲೆಗೆ."

ಅವಳು ಬರೆದಳು. ಅವರು ಕೂತು ದೊಡ್ಡ ದೊಡ್ಡ ಅಕ್ಷರಗಳಲ್ಲಿ ಸಹಿ ಮಾಡತೊಡಗಿದರು. ಲೊಂಟ್ಸಿಯ ಬಿಡುಗಡೆ ಕೈಗೆ ಬಂದಂತಾಯಿತು. ಆಗ ಎದ್ವಿಜಳ ತಲೆ ಬೇರೆ ಕಡೆ ಓಡಿತು.

ಒಂಬತ್ತು ಜನ ಕುಡಿದರು. ಒಬ್ಬರಿಗೂ ತೇಗು ಕೂಡ ಬರಲಿಲ್ಲ.

"ತಾ," ಎಂದಳು. "ಕುಡಿಯೋ ಮುಂಚೆ ಅದನ್ನು ತೊಳೆದಿರಾ?"

"ಹಿರೀಕರ ತುಟಿ ತಾಗಿದ್ದನ್ನು ಯಾರಾದರೂ ತೊಳೀತಾರಾ?"

"ಪ್ಲಾಸ್ಟಿಕ್ ಚೀಲದಿಂದ ತೆಗೆದಿರಲ್ಲ, ಅದರ ಮೇಲೆ ಇಂಥದೇ ಚೀಟಿ..."

"ಯಾವ ಚೀಲ?" ಮುದುಕರು ಸಹಿಯಿಂದ ತಲೆಯೆತ್ತಿದರು. "ಸ್ಪಂಜಿನ ಮಧ್ಯೆ ಬಾಳೆ ಎಲೆಯಲ್ಲಿ ಸುತ್ತಿತ್ತು. ಎಲೆ ಇನ್ನೂ ಪೂರ್ತಿ ಒಣಗಿರಲಿಲ್ಲ. ನಮ್ಮ ಪದ್ಧತಿ ಹೇಗೋ ಹಾಗೇ. ಆ ಬಿಳಿ ಹೆಣ್ಣುಮಗಳಿಗೆ ಎಷ್ಟು ತಿಳಿವಳಿಕೆ ಅಂತ ಎಲ್ಲರೂ ಹೊಗಳಿದೆವು."

ಎದ್ವಿಜ್ ನೆಲದ ಮೇಲಿದ್ದ ಹಳದಿ ಚೀಟಿಯನ್ನು ಎತ್ತಿಕೊಂಡಳು.

"ಅದು ನಿಮ್ಮದೇ ಅಂತ ಹೇಗೆ ಗೊತ್ತಾಯ್ತು? ನಿಮ್ಮಲ್ಲಿ ಯಾರಾದ್ರೂ ಮೊದಲು ಕಂಡಿದ್ದರಾ?"

"ಕಾಣೋದು ಹೇಗೆ? ನಮ್ಮ ತಾತಂದಿರ ಕಾಲದಲ್ಲೇ ಹೋದದ್ದು. ಅವರು ಹೇಳಿದ್ದು ಕೇಳಿದ್ದೇವೆ. ಕೇಳಿದ ಹಾಗೇ ಇತ್ತು, ಒಂದು ಗೆರೆಯೂ ತಪ್ಪಿಲ್ಲದೆ." ಅವರು ಹಾಳೆಯನ್ನು ಅವಳ ಕಡೆ ಚಾಚಿದರು. ಅವಳ ಮುಖ ನೋಡಿ ಕೈ ತಡೆದರು. "ಯಾಕೆ? ಯಾಕೆ ಕೇಳ್ತೀಯ?"

ಹೇಳಿದರೆ ಹಾಳೆ ಒಲೆಗೆ ಹೋಗುತ್ತದೆ. ಲೊಂಟ್ಸಿ ಗಾಡಿ ಹತ್ತುತ್ತಾನೆ.

"ಸುಮ್ಮನೆ," ಎಂದಳು ಎದ್ವಿಜ್. ಜೀವನದಲ್ಲಿ ಹಿರಿಯರೊಬ್ಬರ ಕಣ್ಣಲ್ಲಿ ಕಣ್ಣಿಟ್ಟು ಸುಳ್ಳು ಹೇಳಿದ್ದು ಅದೇ ಮೊದಲು. ಹಾಳೆಯನ್ನು ಎರಡೂ ಕೈಯಲ್ಲಿ ಇಸಿದುಕೊಂಡಳು.

ಬೈಕಿನ ಹತ್ತಿರ ನಿಂತು ಹೈಕೆಗೆ ಫೋನು ಮಾಡಿದಳು. ಎರಡು ಸಲ ಕಟ್ಟಾಯ್ತು. ಮೂರನೆಯ ಸಲ ಸಿಕ್ಕಿತು.

"ಏಳನೆಯದಕ್ಕೂ ಪಾಷಾಣದ ಪರೀಕ್ಷೆ ಆಗಿತ್ತಾ?"

"ನಾನೇ ಮಾಡಿಸಿದೆ. ಹೋದ ತಿಂಗಳು. ಹನ್ನೆರಡರಲ್ಲಿ ಅದರದ್ದೇ ಎಲ್ಲಕ್ಕಿಂತ ಹೆಚ್ಚು."

"ಬಾಳೆ ಎಲೆ?"

"ಏನಂದಿರಿ? ಬಾಳೆ ಎಲೆಯಾ? ನಮ್ಮೂರಲ್ಲಿ ಬಾಳೆ ಎಲ್ಲಿ ಬೆಳೆಯುತ್ತೆ?"

ಅಂದರೆ ನಿಜವಾದದ್ದು ಹೋದ ತಿಂಗಳ ತನಕ ಹೈಕೆಯ ಕೈಯಲ್ಲಿತ್ತು. ಬಂದರಿನಲ್ಲಿ ಸುಂಕದವರು ಮೊಹರು ತೆಗೆದು ನೋಡಿ ಹಗ್ಗ ಬಿಗಿದು ಕಳಿಸಿದ್ದರು. ಅಲ್ಲಿಂದ ಲಾರಿ, ಲಾರಿಯಿಂದ ಅರಮನೆ, ಅರಮನೆಯಲ್ಲಿ ಎರಡು ದಿನ. ಈ ದಾರಿಯಲ್ಲಿ ಎಲ್ಲೋ ಅದು ಹೋಗಿ, ಅದರ ತದ್ರೂಪು ಎಲೆ ಸುತ್ತಿಕೊಂಡು ಬಂದು ಕೂತಿತ್ತು. ಒಂಬತ್ತು ಹಿರಿಯರು ಒಂದು ಹೊಸ ವಸ್ತುವಿಗೆ ಹೆಂಡ ಎರೆದು, ಅದರಿಂದ ಕುಡಿದು, ಅದನ್ನು ಹಿರೀಕರ ಪಕ್ಕದಲ್ಲಿ ಕೂರಿಸಿದ್ದರು.

ಕಳ್ಳತನ ಸುಳ್ಳು ಎಂದು ತೋರಿಸಲು ಅವಳು ಇಷ್ಟು ಅಲೆದಿದ್ದಳು. ಕಳ್ಳತನ ನಿಜವೇ ಆಗಿತ್ತು. ಜೇಬಿನಲ್ಲಿದ್ದ ಹಾಳೆ ಲೊಂಟ್ಸಿಯನ್ನು ಬಿಡಿಸುತ್ತದೆ. ಅವಳ ತಲೆಯಲ್ಲಿದ್ದದ್ದು ಅವನನ್ನು ಮತ್ತೆ ಒಳಗೆ ಹಾಕಬಲ್ಲದು.

ಠಾಣೆಗೆ ಬಂದಾಗ ಮೂರೂ ಮುಕ್ಕಾಲು. ಜೈಲಿನ ಗಾಡಿ ಅಂಗಳದಲ್ಲಿ ಇಂಜಿನ್ ಓಡಿಸುತ್ತ ನಿಂತಿತ್ತು. ಒರ್ತಾಂಸ್ ಬಾಣಲಿ ಬಿಟ್ಟು ಬಂದು ಗೇಟಿನ ಸರಳು ಹಿಡಿದಿದ್ದಳು.

ಬೆಂಗೊನೋ ಹಾಳೆಯನ್ನು ಮೂರು ಸಲ ಓದಿದ. ತಿರುಗಿಸಿ ಹಿಂದೆ ನೋಡಿದ; ಅಲ್ಲಿ ಯಾರದೋ ಗುಣಾಕಾರದ ಲೆಕ್ಕ ಇತ್ತು.

"ಇದಕ್ಕೆ ಮೊಹರು ಇಲ್ಲ."

"ತಾ ವಾಂಬೊ ಅವರ ಸಹಿ ಇದೆ. ನೀವು ಹೋಗಿ ಅವರನ್ನೇ ಮೊಹರು ಕೇಳ್ತೀರಾ?"

ಬೆಂಗೊನೋ ಹಲ್ಲುಕಡ್ಡಿಯನ್ನು ಬಾಯಿಯ ಈ ಕಡೆಯಿಂದ ಆ ಕಡೆಗೆ ಸಾಗಿಸಿದ. ಒಂಬತ್ತರ ಮುಖ್ಯಸ್ಥರ ಜೊತೆ ಜಗಳವಾಡಿ ಈ ಊರಲ್ಲಿ ಠಾಣೆ ನಡೆಸಲು ಆಗುವುದಿಲ್ಲ. "ಹಿಡಿಯೋದಕ್ಕೂ ನಿಮ್ಮ ಸಹಿ, ಬಿಡೋದಕ್ಕೂ ನಿಮ್ಮ ಸಹಿ," ಎಂದು ರಿಜಿಸ್ಟರನ್ನು ಮೇಜಿನ ಮೇಲೆ ದೂಡಿದ. "ನಾಳೆ ಯಾರಾದ್ರೂ ಕೇಳಿದರೆ ನಾನು ರಜಾದಲ್ಲಿದ್ದೆ. ಏಯ್, ಕರ್ಕೊಂಡು ಬಾರೋ ಅವನನ್ನ!"

ಲೊಂಟ್ಸಿ ಬಂದ. ಅವಳು ಅಂದುಕೊಂಡದ್ದಕ್ಕಿಂತ ಸಣ್ಣ ಮನುಷ್ಯ, ನರೆತ ಗಡ್ಡ, ಬರಿಗಾಲು. ಅವಳಿಗೆ ತಲೆಬಾಗಿದ.

"ನಿನ್ನನ್ನು ಬಿಡ್ತಿದ್ದಾರೆ ತಾ ಲೊಂಟ್ಸಿ," ಎಂದಳು. "ಇಲ್ಲಿ ನಿನ್ನ ಹೆಸರು ಬರಿ. ಅದರ ಕೆಳಗೆ ನಾನು."

ಅವನು ಪೆನ್ನು ತೆಗೆದುಕೊಂಡ. ಪೆನ್ನು ಜಾರಿ ಬಿತ್ತು. ಮತ್ತೆ ಎತ್ತಿದ, ಬೆರಳು ಮಡಚಲು ಬರಲಿಲ್ಲ. ಎರಡು ಅಂಗೈ ಕೂಡಿಸಿ, ಮಗು ಹಿಡಿಯುವ ಹಾಗೆ ಪೆನ್ನು ಹಿಡಿದು ಒಂದು ಗೀಟು ಎಳೆದ.

ಅಂಗೈಯ ಚರ್ಮ ಕಂದು ಬಣ್ಣಕ್ಕೆ ತಿರುಗಿ, ಬೆರಳ ಸಂದಿಯಲ್ಲಿ ಸುಲಿದು ಕೆಂಪಗೆ ಒದ್ದೆಯಾಗಿತ್ತು.

ಎದ್ವಿಜ್ ಬಗ್ಗಿ ನೋಡಿದಳು. "ಕೈಗೆ ಏನಾಯ್ತು?"

"ಬಾಳೆ ಹಾಲು, ಅಮ್ಮ." ಅವನು ಕೈಗಳನ್ನು ಕಂಕುಳಿಗೆ ಸೇರಿಸಿಕೊಂಡ. "ಬಾಳೆ ಕಡಿದೆ, ಅದರ ಹಾಲು ಹತ್ತಿತು."

"ಯಾವತ್ತು ಕಡಿದೆ?"

"ಅದೇ... ಮೊನ್ನೆ. ಆಚೆ ಮೊನ್ನೆ."

"ತೊಳೆದುಕೊಂಡೆಯಾ?"

"ಎಷ್ಟು ಸಲ ತೊಳೆದೆ ಅಂತ ನನಗೇ ಗೊತ್ತಿಲ್ಲ," ಎಂದ ಲೊಂಟ್ಸಿ. ಅವನ ಕಣ್ಣು ತುಂಬಿತು. "ಹೋಗ್ತಾನೇ ಇಲ್ಲ."

ಬಾಲೆಕಾದಲ್ಲಿ ಬಾಳೆ ಕಡಿಯದ ಕೈ ಯಾವುದಿದೆ? ಅದರ ಹಾಲು ಕಲೆ ಮಾಡುತ್ತದೆ. ಚರ್ಮ ಸುಲಿಯುವುದನ್ನು ಅವಳು ಕಂಡಿರಲಿಲ್ಲ. ಕಂಡಿಲ್ಲ ಎಂದರೆ ಆಗುವುದಿಲ್ಲ ಎಂದಲ್ಲ.

"ಸಹಿ ಹಾಕಿ ಮೇಡಂ," ಎಂದ ಬೆಂಗೊನೋ. "ಇವನನ್ನು ಒಯ್ಯಬೇಕೋ ಬೇಡವೋ? ಗಾಡಿಗೆ ಡೀಸಲ್ ಯಾರಪ್ಪ ಕೊಡ್ತಾನೆ?"

ಗೇಟಿನ ಸರಳಿನ ಆಚೆ ಒರ್ತಾಂಸ್ ಎದ್ವಿಜಳನ್ನೇ ನೋಡುತ್ತ ನಿಂತಿದ್ದಳು.

ಎದ್ವಿಜ್ ಸಹಿ ಹಾಕಿದಳು.

"ಆಸ್ಪತ್ರೆಗೆ ಹೋಗು, ಈಗಲೇ," ಎಂದು ಅವನ ಬೆನ್ನಿಗೆ ಹೇಳಿದಳು. "ಕೈ ತೋರಿಸು. ಅಲ್ಲಿ ಪಾಷಾಣ ಅಂತ ಹೇಳು."

ಲೊಂಟ್ಸಿ ಗಕ್ಕನೆ ನಿಂತ. ಆದರೆ ತಿರುಗಿ ನೋಡಲಿಲ್ಲ. ಆಮೇಲೆ ಹೆಂಡತಿಯ ಕೈಗೆ ತನ್ನ ಕೈ ಕೊಡದೆ, ಅವಳ ಪಕ್ಕದಲ್ಲಿ, ಆಸ್ಪತ್ರೆಯ ದಾರಿ ಬಿಟ್ಟು ಮನೆಯ ದಾರಿ ಹಿಡಿದ.

ಆ ಮಾತಿಗೆ ಅವನು ನಿಂತದ್ದು ಹೆದರಿಕೆಗೋ, ಗೊತ್ತಿದ್ದದ್ದಕ್ಕೋ ಎದ್ವಿಜ್‌ಗೆ ತಿಳಿಯಲಿಲ್ಲ. ಅಂಗೈ ಸುಟ್ಟದ್ದು ಬಾಳೆಯೋ ಪಾಷಾಣವೋ ತಿಳಿಯಲಿಲ್ಲ. ತದ್ರೂಪು ಮಾಡಿದ ಕೈ ಯಾರದು, ಡಾಕ್ಟರು ಒಯ್ದ ನಿಜವಾದ ಏಳನೆಯದು ಈಗ ಎಲ್ಲಿದೆ ಎಂಬುದು ಆ ಸಂಜೆ ಯಾರಿಗೂ ಗೊತ್ತಿರಲಿಲ್ಲ; ಗೊತ್ತಿದ್ದವರು ಇದ್ದರೂ ಹೇಳಲಿಲ್ಲ.